ಕರಿ ಹಲಗೆಯ ಮೇಲೆ ನಮ್ಮ ಪಡಸಾಲಿ

ಚಿತ್ರ ಕಲಿಯಬೇಕು ಅಂದರೆ ಮೊದಲು ಪೆನ್ಸಿಲ್ ಹಿಡಿ, ನೆರಳು-ಬೆಳಕು ತಿದ್ದು ಅನ್ನುವವರೇ ಎಲ್ಲ. ನನಗೋ ನೇರ ಬಣ್ಣಕ್ಕೆ ಕೈ ಹಾಕುವ ಹುಕಿ. ಹಾಗಾಗಿ ನಿಕೊ ಪಿರೋಸ್ಮಾನಿಯನ್ನು (1862–1918) ಗುರುವಾಗಿ ಹಿಡಿದೆ. ಜಾರ್ಜಿಯಾ ದೇಶದವ, ಹೆಂಡದಂಗಡಿಗಳಿಗೆ ಬೋರ್ಡು ಬರೆದು ಹೊಟ್ಟೆ ಹೊರೆದವ, ತಾನೇ ಕಲಿತವ. ಕರಿ ಎಣ್ಣೆಬಟ್ಟೆಯ ಮೇಲೆ ಬರೆಯುತ್ತಿದ್ದ. ಎಲ್ಲಿ ಕಪ್ಪು ಬೇಕೋ ಅಲ್ಲಿ ಬಣ್ಣ ಹಚ್ಚದೆ ಹಾಗೇ ಬಿಡುತ್ತಿದ್ದ.

ಊಟದ ಸಾಮಾನು ಹರವಿದ ಅವನದೊಂದು ಚಿತ್ರವನ್ನು ಮೊದಲು ನಕಲು ಮಾಡಿದೆ. ಆಮೇಲೆ ಅದೇ ರೀತಿಯಲ್ಲಿ ಗುಳೇದಗುಡ್ಡದ ನಮ್ಮ ಮಾಳಿಗೆ ಮನೆಯ ಪಡಸಾಲಿ. ದಪ್ಪ ಗೋಡೆ, ಬೆಳಕಿಂಡಿಯಿಂದ ಇಳಿಯುವಷ್ಟೇ ಬೆಳಕು. ಕರಿ ಹಲಗೆಗೆ ಇದಕ್ಕಿಂತ ಒಪ್ಪುವ ಕೋಣೆ ಇನ್ನೆಲ್ಲಿ?

ಬಡಿಗೇರನ ಹತ್ತಿರ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ತುಂಡು ಕತ್ತರಿಸಿಕೊಂಡು ಬಂದು ಎರಡು ಕೋಟು ಜೆಸ್ಸೊ, ಅಂದರೆ ಬಣ್ಣ ಹಿಡಿಯಲು ಬಳಿಯುವ ತಳಬಣ್ಣ, ಮೇಲೆ ಕರಿ ಅಕ್ರಿಲಿಕ್ ಬಳಿದೆ. ಗೆರೆಗೆ ಶಾಲೆಯ ಸೀಮೆಸುಣ್ಣ ಸಾಕು, ಬೇಡಾದರೆ ಒದ್ದೆ ಬಟ್ಟೆಯಿಂದ ಒರೆಸಬಹುದು. ಕಪ್ಪಿನ ಮೇಲೆ ಹಳದಿಯನ್ನು ನೇರ ಹಚ್ಚಿದರೆ ಹಸಿರು ಹಸಿರಾಗಿ ಮಂಕು ಬಡಿಯುತ್ತದೆ, ಕೆಂಪು ಕಂದಾಗುತ್ತದೆ. ಅದಕ್ಕೆ ಲಿಂಬೆಹಣ್ಣು, ರೊಟ್ಟಿ, ತಂಬಿಗೆ ಎಲ್ಲಕ್ಕೂ ಮೊದಲು ಬಿಳಿ ತುಂಬಿ, ಒಣಗಿದ ಮೇಲೆ ಅದರದರ ಬಣ್ಣ. ಬಿಳಿಯನ್ನು ಗೆರೆಗಿಂತ ಕೂದಲೆಳೆ ಒಳಗೇ ನಿಲ್ಲಿಸಿದರೆ ಸುತ್ತ ಉಳಿಯುವ ಕಪ್ಪೇ ಅಂಚಾಗುತ್ತದೆ. ಬ್ಯಾರೆ ಔಟ್‌ಲೈನ್ ಹಾಕುವ ಗೋಜಿಲ್ಲ.

ನಮ್ಮ ಕಡೆ ಬ್ಯಾಸಿಗ್ಯಾಗ ಅಕ್ರಿಲಿಕ್ ತಟ್ಟೆಯಲ್ಲೇ ಒಣಗಿ ತೊಗಟೆಯಾಗುತ್ತದೆ. ಅಗಲ ಡಬ್ಬಿಯಲ್ಲಿ ಒದ್ದೆ ಬಟ್ಟೆ ಹಾಸಿ, ಮೇಲೆ ಬೇಕಿಂಗ್ ಪೇಪರ್ ಇಟ್ಟು ಅದರ ಮೇಲೆ ಬಣ್ಣ ಕಲಸಿಕೊಂಡೆ. ಮುಚ್ಚಳ ಹಾಕಿಟ್ಟರೆ ಮರುದಿನಕ್ಕೂ ಬರುತ್ತದೆ.

ನಕಲು ಮಾಡುವಾಗ ನಾನು ಕೇಳಿಕೊಂಡದ್ದು ಒಂದೇ: ಇದನ್ನ ಎಲ್ಲಿ ನಿಂತು ನೋಡಿದಂಗೈತಿ? ಹೂಜಿಯ ಬಾಯಿ ಮೇಲಿನಿಂದ ನೋಡಿದಂತೆ ದುಂಡಗೆ, ತಳ ಎದುರಿಗೆ ಕೂತು ನೋಡಿದಂತೆ ನೇರ. ಇದನ್ನು ತಿದ್ದಬಾರದು. ತಿದ್ದಿದರೆ ಅದು ಕಾಲೇಜಿನ ಅಭ್ಯಾಸದ ಹಾಳೆಯಾಗುತ್ತದೆ. ಇಂಥ ಚಿತ್ರವನ್ನು ಹುಡುಗರ ಆಟ ಅನ್ನುವವರು ಒಂದು ಹೂಜಿ ಬರೆದು ನೋಡಲಿ.

ನಮ್ಮ ಪಡಸಾಲಿಯ ಚಿತ್ರದಲ್ಲಿ ಹೆಚ್ಚು ಹೊತ್ತು ತಿಂದದ್ದು ಕೌದಿ. ಹೊರಸಿನ ಮೇಲೆ ಹಾಸಿದ್ದು, ಹಳೇ ಇಳಕಲ್ ಸೀರೆ, ಖಣದ ತುಂಡು ಕೂಡಿಸಿ ಹೊಲಿದದ್ದು. ಹಾಸಿದ ಬಟ್ಟೆ ದೂರ ಹೋದಂತೆ ಕಿರಿದಾಗಬೇಕಲ್ಲ, ನಾನು ಹಿಂದಿನ ತುಂಡನ್ನೂ ಮುಂದಿನಷ್ಟೇ ದೊಡ್ಡದು ಬರೆದೆ. ದಾಳಿಂಬ್ರಿ ಕೆಂಪಿಗೆ ಕ್ರಿಮ್ಸನ್, ಚೂರು ಬರ್ಂಟ್ ಸಿಯೆನಾ ಅನ್ನುವ ಕೆಂಗಂದು ಬಣ್ಣ. ದಾರದ ಹೊಲಿಗೆಗೆ ಸೊನ್ನೆ ನಂಬರಿನ ಬ್ರಷ್ಷು, ಬಣ್ಣ ಹಾಲಿನಷ್ಟು ತೆಳು. ಹೊಲಿಗೆ ಸಾಲು ಸ್ಕೇಲಿಟ್ಟಂತೆ ಆಗದೆ ಕೈಯ ಏರಿಳಿತ ಇರಲಿ, ಇಲ್ಲದಿದ್ದರೆ ಅಚ್ಚಿನ ಬಟ್ಟೆ ಅನ್ನಿಸುತ್ತದೆ.

ಅತ್ತಿ ನೋಡಿ, “ಹಾಸಿದಂಗಿಲ್ಲವಾ, ಗ್ವಾಡಿಗೆ ತೂಗು ಹಾಕಿದಂಗೈತಿ” ಅಂದರು. “ಹೌದ್ರಿ, ಎಲ್ಲಾ ತುಂಡೂ ಕಾಣಲಿ ಅಂತ” ಅಂದೆ. ತಮ್ಮ ಸೀರೆಯ ತುಂಡು ಯಾವುದೆಂದು ಹುಡುಕತೊಡಗಿದರು.

ನೆರಳು ಹಾಕಲಿಲ್ಲ. ಬೆಳಕಿಂಡಿಯ ಬೆಳಕು ಮಾತ್ರ ಕೌದಿಯ ಮೇಲೆ ಒಂದು ಚೌಕ, ಅಷ್ಟೂ ತುಂಡುಗಳಿಗೆ ಬಿಳಿ ಬೆರೆಸಿದ ಅದದೇ ಬಣ್ಣ. ಕೊನೆಗೆ ಮ್ಯಾಟ್ ವಾರ್ನಿಶ್. ಹೊಳೆಯುವುದನ್ನು ಹಚ್ಚಿದರೆ ಕಪ್ಪಿನೊಳಗೆ ಎದುರಿನ ಟ್ಯೂಬ್‌ಲೈಟೇ ಕಾಣುತ್ತದೆ.