ಮಾತೃಪೂರ್ಣದ ಊಟ: ಅಂಗನವಾಡಿಯಲ್ಲಿ ನಾನು ಕಂಡದ್ದು

ರಾಯಚೂರು ಜಿಲ್ಲೆಯ ಒಂದು ಹಳ್ಳಿಯಲ್ಲಿ ನಾನು ಅಂಗನವಾಡಿ ಕಾರ್ಯಕರ್ತೆ. 2017ರ ಅಕ್ಟೋಬರ್ 2ರಂದು ಮಾತೃಪೂರ್ಣ ಯೋಜನೆ ರಾಜ್ಯದ ಎಲ್ಲ ಕಡೆ ಶುರುವಾಯಿತು. ಗರ್ಭಿಣಿಯರು, ಬಾಣಂತಿಯರು ಅಂಗನವಾಡಿಗೇ ಬಂದು ಮಧ್ಯಾಹ್ನ ಊಟ ಮಾಡಬೇಕು. ತಿಂಗಳಿಗೆ 25 ದಿನ ಅನ್ನ, ಸಾಂಬಾರು, ಬೇಯಿಸಿದ ಮೊಟ್ಟೆ, ಶೇಂಗಾ ಚಿಕ್ಕಿ, 200 ಮಿಲಿ ಹಾಲು. ಊಟ ಆದಮೇಲೆ ಕಬ್ಬಿಣದ ಮಾತ್ರೆ.

"ಮನಿಗೇ ಕೊಟ್ಟುಬಿಡ್ರಿ ಟೀಚರ್" ಎಂದು ಎಷ್ಟೋ ಜನ ಕೇಳಿದ್ದಾರೆ. ತುಂಬು ಬಸುರಿ ಈ ಬಿಸಿಲಲ್ಲಿ ನಡೆದು ಬರೋದು ಕಷ್ಟ, ನಿಜ. ಆದರೆ ಕೊರೊನಾ ಕಾಲದಲ್ಲಿ ಸಾಮಾನು ಮನೆಗೇ ಕೊಟ್ಟೆವಲ್ಲ, ಆಗ ಏನಾಯಿತು ನೋಡಿ. ಮೊಟ್ಟೆ ದೊಡ್ಡ ಮಗನ ತಾಟಿಗೆ ಹೋಯಿತು. ಬೆಲ್ಲ, ಹಾಲಿನ ಪುಡಿ ಎಲ್ಲರ ಚಹಾಕ್ಕೆ ಬಿತ್ತು. ನಮ್ಮ ಕಡೆ ಸೊಸೆ ಉಣ್ಣೋದೇ ಕೊನೆಗೆ, ಉಳಿದದ್ದು ಅವಳಿಗೆ. ಅಂಗನವಾಡಿಯಲ್ಲಿ ಕೂತು ಉಂಡರೆ ಮಾತ್ರ ಅವಳ ಪಾಲು ಅವಳ ಹೊಟ್ಟೆಗೇ ಸೇರುತ್ತದೆ.

ಹಾಗಾಗಿ ಬಸುರಿಯನ್ನು ಕರೆಯುವ ಮುಂಚೆ ಅವಳ ಅತ್ತೆಯ ಹತ್ತಿರ ಮಾತಾಡುತ್ತೇನೆ. "ಜಾಸ್ತಿ ಉಂಡ್ರ ಕೂಸು ದೊಡ್ಡದಾಗಿ ಹೆರಿಗಿ ತ್ರಾಸ ಆಕ್ಕೈತಿ" ಅನ್ನೋದು ಅವರ ಭಯ. ವಾದ ಮಾಡೋದಿಲ್ಲ. ತೂಕ ನೋಡುವ ದಿನ ಅವರನ್ನೂ ಕರೆದುಕೊಂಡು ಬಂದು ತಿಂಗಳ ತಿಂಗಳ ತೂಕ ಬರೆದಿಡುವ ತಾಯಿ ಕಾರ್ಡ್ ತೋರಿಸುತ್ತೇನೆ. ಹೋದ ತಿಂಗಳ ತೂಕವೇ ಈ ತಿಂಗಳೂ ಇದ್ದರೆ ಅತ್ತೆಗೇ ಕಾಳಜಿ ಶುರುವಾಗುತ್ತದೆ. ಮರುದಿನದಿಂದ ಸೊಸೆಯನ್ನು ಅವರೇ ಕಳಿಸುತ್ತಾರೆ.

ಅನ್ನ ಉಂಡರೆ ಹೊಟ್ಟೆ ತುಂಬಿದಂಗೆ ಆಗೋದಿಲ್ಲ ಎಂಬ ದೂರೂ ಇತ್ತು. ಜೋಳದ ರೊಟ್ಟಿ ಉಂಡು ಬೆಳೆದವರು, ಅನಿಸೋದು ಸಹಜ ಅಲ್ವಾ? ರೊಟ್ಟಿ ಕಟ್ಟಿಕೊಂಡು ಬನ್ನಿ, ಸಾಂಬಾರು, ಮೊಟ್ಟೆ ನಮ್ಮದು ಅಂದೆ. ಬರುವವರು ಜಾಸ್ತಿಯಾದರು. ಹತ್ತಿ ಬಿಡಿಸುವ ದಿನಗಳಲ್ಲಿ ಮಾತ್ರ ಈಗಲೂ ಕಷ್ಟ. ಕೂಲಿ ಬಿಟ್ಟು ಬಾ ಎಂದು ಯಾವ ಬಾಯಿಂದ ಹೇಳೋದು?

ನನ್ನ ಮಟ್ಟಿಗೆ ಊಟದಷ್ಟೇ ದೊಡ್ಡ ಕೆಲಸ ಮಾತ್ರೆಯದು. ಮಲ ಕಪ್ಪಗೆ ಬಂತೆಂದು ಹೆದರಿ ಎಷ್ಟೋ ಜನ ನಿಲ್ಲಿಸುತ್ತಾರೆ. ಅದು ಕಬ್ಬಿಣದಿಂದ, ಅದರಿಂದ ಏನೂ ಆಗೋದಿಲ್ಲ ಎಂದು ಮಾತ್ರೆ ಕೊಡುವ ಮೊದಲ ದಿನವೇ ಹೇಳಿಬಿಡುತ್ತೇನೆ. ಹಾಲು, ಚಹಾ ಜೊತೆಗಿದ್ದರೆ ಕಬ್ಬಿಣ ಮೈಗೆ ಸರಿಯಾಗಿ ಹತ್ತೋದಿಲ್ಲ. ಅದಕ್ಕೇ ಬಂದ ಕೂಡಲೇ ಹಾಲು ಕುಡಿಸುತ್ತೇನೆ. ಊಟ, ಮಾತ್ರೆ ಆಮೇಲೆ, ಆದಷ್ಟು ತಡವಾಗಿ. ಸಾಂಬಾರಿಗೆ ಸೊಪ್ಪು ಹಾಕಿದ ದಿನ, ಅದರ ಕಬ್ಬಿಣ ಮೈಗೆ ಹತ್ತಲಿ ಎಂದು ತಾಟಿಗೆ ನಿಂಬೆಹಣ್ಣು ಹಿಂಡುತ್ತೇವೆ. ಕ್ಯಾಲ್ಸಿಯಂ ಮಾತ್ರೆಯೂ ಕಬ್ಬಿಣಕ್ಕೆ ಅಡ್ಡ, ಅದು ಮನೆಯಲ್ಲಿ, ಬೇರೆ ಹೊತ್ತಿಗೆ.

ಎರಡನೇ ಬಸುರಿಯ ಒಬ್ಬ ಹುಡುಗಿಗೆ ಹಿಮೋಗ್ಲೋಬಿನ್ 8 ಇತ್ತು. 11ಕ್ಕಿಂತ ಕಡಿಮೆ ಇದ್ದರೇ ರಕ್ತಹೀನತೆ. ಡಾಕ್ಟರು ದಿನಕ್ಕೆ 2 ಮಾತ್ರೆ ಬರೆದರು. ಒಂದನ್ನು ನನ್ನ ಕಣ್ಣೆದುರೇ ನುಂಗುತ್ತಿದ್ದಳು. ಏಳನೇ ತಿಂಗಳಿಗೆ 10 ದಾಟಿತು. ಬರೀ ಊಟದಿಂದ ಆಯಿತು ಎನ್ನಲಾರೆ. ಆದರೆ ದಿನಾ ಊಟಕ್ಕೆ ಬರದಿದ್ದರೆ ಮಾತ್ರೆ ತಪ್ಪಿಸುತ್ತಿದ್ದಳು, ಅದು ಖಂಡಿತ.

ಹೆರಿಗೆಗೆ ತವರಿಗೆ ಹೊರಟಾಗ ಈ ಸರಪಳಿ ಕಡಿಯುತ್ತದೆ. ಆಗ ಅಲ್ಲಿನ ಕಾರ್ಯಕರ್ತೆಗೆ ನಾನೇ ಫೋನ್ ಮಾಡಿ ಹೆಸರು, ತಿಂಗಳು, ಹಿಮೋಗ್ಲೋಬಿನ್ ಹೇಳುತ್ತೇನೆ. ಬೇರೆ ಊರಿಂದ ನಮ್ಮಲ್ಲಿಗೆ ಬರುವ ಹೆಣ್ಣುಮಕ್ಕಳ ಬಗ್ಗೆಯೂ ಅಲ್ಲಿನವರು ಹೀಗೇ ಒಂದು ಫೋನ್ ಮಾಡಿದರೆ ಬಂದ ಮರುದಿನವೇ ಅವರನ್ನು ಊಟಕ್ಕೆ ಕೂರಿಸಬಹುದು.