ಎಂಟು ಜನ, ಒಂದು ಮೇಜು: ಗೆಳತಿಯರ ರಾತ್ರಿಯೂಟಕ್ಕೆ ಹೋಟೆಲ್ ಆರಿಸುವ ನನ್ನ ಕ್ರಮ

1998ರಲ್ಲಿ ಮಲ್ಲೇಶ್ವರದ ಒಂದು ಹಾಸ್ಟೆಲಿನಲ್ಲಿ ಒಂದೇ ಬಿಸಿನೀರಿನ ನಲ್ಲಿಗೆ ಬಕೆಟ್ ಹಿಡಿದು ಸರದಿ ನಿಂತ ಎಂಟು ಜನ ನಾವು. ಈಗ ಬೆಂಗಳೂರಿನ ಒಳಗೂ ಹೊರಗೂ ಎಂಟು ದಿಕ್ಕಿಗೆ ಹಂಚಿಹೋಗಿದ್ದೇವೆ. ವರ್ಷಕ್ಕೆ ಎರಡು ಸಲ ರಾತ್ರಿಯೂಟಕ್ಕೆ ಸೇರುತ್ತೇವೆ. ಬ್ಯಾಂಕಿನಲ್ಲಿ ಕೆಲಸ ಮಾಡುವವಳು, ಲೆಕ್ಕ ತಪ್ಪುವುದಿಲ್ಲ ಎಂಬ ಒಂದೇ ಕಾರಣಕ್ಕೆ ಹೋಟೆಲ್ ಹುಡುಕುವ ಕೆಲಸ ನನ್ನ ತಲೆಗೆ ಬಂತು.

ಮೊದಲ ಸಲ ಎಲ್ಲರೂ ಮಾಡುವುದನ್ನೇ ಮಾಡಿದೆ. ಮೊಬೈಲಿನಲ್ಲಿ ನಕ್ಷತ್ರ ಎಣಿಸಿದೆ, ಫೋಟೋ ನೋಡಿದೆ, ಮಹಡಿಯ ಮೇಲಿನ, ದೀಪದ ಸರ ಇಳಿಬಿಟ್ಟ ಒಂದು ಜಾಗ ಕಾದಿರಿಸಿದೆ. ಊಟ ಚೆನ್ನಾಗಿಯೇ ಇತ್ತು. ಆದರೆ ಎಂಟೂವರೆಗೆ ಸಂಗೀತ ಶುರುವಾಯಿತು. ಎಂಟೂ ಜನ ಗಂಟಲು ಹರಿದುಕೊಂಡೆವು. ನಮ್ಮಲ್ಲಿ ಒಬ್ಬಳಿಗೆ ಎಡಗಿವಿ ಮಂದ. ಆಕೆ ಎರಡು ಗಂಟೆ ನಗುನಗುತ್ತಾ ಕುಳಿತಿದ್ದಳು. ಮರುದಿನ ಫೋನಿನಲ್ಲಿ, "ನಿನ್ನೆ ಯಾರು ಏನು ಹೇಳಿದರು, ಒಮ್ಮೆ ಹೇಳು" ಎಂದಳು. ಅಂದಿನಿಂದ ನಾನು ಹೋಟೆಲನ್ನು ಮೊದಲು ಕಿವಿಯಿಂದ ಆರಿಸುತ್ತೇನೆ, ನಾಲಿಗೆಯ ಸರದಿ ಆಮೇಲೆ.

ಆದರೆ ಅದಕ್ಕೂ ಮೊದಲು ದಿನ ಗೊತ್ತಾಗಬೇಕು. ವಾಟ್ಸಾಪ್ ಗುಂಪಿನಲ್ಲಿ "ಯಾವಾಗ, ಎಲ್ಲಿ?" ಎಂದು ಕೇಳಲೇಬೇಡಿ. ಎಂಟು ಜನರಿಂದ ಹನ್ನೊಂದು ಉತ್ತರ ಬರುತ್ತದೆ. ಒಬ್ಬೊಬ್ಬರಿಗೇ ಫೋನ್ ಮಾಡಿ, "ಯಾವ ದಿನ ಆಗುವುದಿಲ್ಲ?" ಎಂದು ಕೇಳಿ. ನಮ್ಮಲ್ಲಿ ಒಬ್ಬಳು ಸೋಮವಾರ ಮಾಂಸ ಮುಟ್ಟುವುದಿಲ್ಲ, ಇನ್ನೊಬ್ಬಳು ಶನಿವಾರ. ರಾಯರ ಭಕ್ತೆಯೊಬ್ಬಳಿಗೆ ಗುರುವಾರ ಒಪ್ಪೊತ್ತು. ಶ್ರಾವಣ ಬಂದರೆ ಇಬ್ಬರು ಇಡೀ ತಿಂಗಳು ಸಸ್ಯಾಹಾರಿಗಳು. ಶುಕ್ರವಾರ, ಭಾನುವಾರ ಎಲ್ಲ ಹೋಟೆಲುಗಳೂ ಜಾತ್ರೆ. ಹೀಗೆ ಅಳಿಸುತ್ತಾ ಹೋದರೆ ನಮಗೆ ಉಳಿಯುವುದು ಮಂಗಳವಾರ, ಬುಧವಾರ. ಮರುದಿನ ಕಚೇರಿ ಇದೆ ಎಂದು ಗೊಣಗುತ್ತಾರೆ, ಗೊಣಗಲಿ. ವಾರದ ನಡುವೆ ಮೇಜೂ ಸುಲಭವಾಗಿ ಸಿಗುತ್ತದೆ, ಬಡಿಸುವವರೂ ಮುಖ ಕೊಟ್ಟು ಮಾತನಾಡುತ್ತಾರೆ.

ಇನ್ನು ಜಾಗ. "ಎಲ್ಲರಿಗೂ ಮಧ್ಯದಲ್ಲಿ" ಎನ್ನುವ ಮಾತಿಗೆ ಬೆಂಗಳೂರಿನಲ್ಲಿ ಅರ್ಥವಿಲ್ಲ. ಇಲ್ಲಿ ದೂರವನ್ನು ಕಿಲೋಮೀಟರಿನಲ್ಲಿ ಅಳೆಯುವವರು ಹೊಸಬರು. ನಾನು ಮೆಟ್ರೊ ನಕ್ಷೆ ಬಿಡಿಸಿಕೊಂಡು ಕೂರುತ್ತೇನೆ. ವೈಟ್‌ಫೀಲ್ಡ್ ಮತ್ತು ಕೆಂಗೇರಿಯವರದು ನೇರಳೆ ಮಾರ್ಗ. ಬನಶಂಕರಿಯವಳದು, ರಾಜಾಜಿನಗರದ ನನ್ನದು ಹಸಿರು. 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗ ಶುರುವಾದ ಮೇಲೆ ಎಲೆಕ್ಟ್ರಾನಿಕ್ ಸಿಟಿಯವಳೂ ರೈಲು ಹತ್ತುತ್ತಾಳೆ, ಆರ್.ವಿ. ರಸ್ತೆಯಲ್ಲಿ ಹಸಿರಿಗೆ ಬದಲಾಯಿಸುತ್ತಾಳೆ. ಆದ್ದರಿಂದ ಒಂದು ಸಲ ನೇರಳೆ ಮಾರ್ಗದ ಎಂ.ಜಿ. ರಸ್ತೆ ಅಥವಾ ಇಂದಿರಾನಗರ, ಮುಂದಿನ ಸಲ ಹಸಿರಿನ ಜಯನಗರ. ಒಮ್ಮೆ ಇವರು ಮೆಜೆಸ್ಟಿಕ್‌ನಲ್ಲಿ ರೈಲು ಬದಲಾಯಿಸಲಿ, ಒಮ್ಮೆ ಅವರು. ಯಲಹಂಕದವಳ ಕಥೆ ಬೇರೆ, ಕೊನೆಗೆ ಹೇಳುತ್ತೇನೆ. ತುಮಕೂರಿನವಳು ಅಂದು ನನ್ನ ಮನೆಯಲ್ಲೇ ಉಳಿಯುತ್ತಾಳೆ.

ನಿಲ್ದಾಣದಿಂದ ಹತ್ತು ನಿಮಿಷಕ್ಕಿಂತ ಹೆಚ್ಚು ನಡೆಯಬೇಕಾದ ಹೋಟೆಲನ್ನು ನಾನು ಪಟ್ಟಿಗೇ ಸೇರಿಸುವುದಿಲ್ಲ. ಮಳೆಗಾಲದಲ್ಲಿ ಐದು ನಿಮಿಷ. ಎಂ.ಜಿ. ರಸ್ತೆ, ಚರ್ಚ್ ಸ್ಟ್ರೀಟ್ ಕಡೆಯಾದರೆ ಇನ್ನೊಂದನ್ನು ನೋಡಬೇಕು: ಅಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಐಪಿಎಲ್ ಪಂದ್ಯವಿದೆಯೇ? ಇದ್ದರೆ ಆ ದಿಕ್ಕಿಗೆ ತಲೆ ಹಾಕಬೇಡಿ. ಬಸವನಗುಡಿಯನ್ನು ಕಾರ್ತಿಕದ ಕೊನೆಯ ಸೋಮವಾರದ ಆಸುಪಾಸಿನಲ್ಲಿ ಹೀಗೆಯೇ ಬಿಟ್ಟುಬಿಡಿ. ಕಡಲೆಕಾಯಿ ಪರಿಷೆಗೆ ಹೋಗುವುದಾದರೆ ಪರಿಷೆಗೇ ಹೋಗಿ.

ಗುಂಪಿನಲ್ಲಿ ಯಾರಾದರೊಬ್ಬರು ಹಳೆಯ ಪ್ರಸಿದ್ಧ ಹೋಟೆಲುಗಳ ಹೆಸರು ಹೇಳೇ ಹೇಳುತ್ತಾರೆ. ನನಗೂ ಅವು ಪ್ರಾಣ. 1924ರಲ್ಲಿ ಶುರುವಾದ ಎಂಟಿಆರ್‌ನ ರವೆ ಇಡ್ಲಿಗೆ ಲಾಲ್‌ಬಾಗ್ ರಸ್ತೆಯಲ್ಲಿ ಎಷ್ಟು ಹೊತ್ತು ಬೇಕಾದರೂ ಕಾಯುತ್ತೇನೆ, ಸೋಮವಾರ ಬಾಗಿಲು ತೆರೆಯುವುದಿಲ್ಲ ಎಂಬುದನ್ನು ಮರೆತು ಹೋಗಿ ಬಂದವಳೂ ಹೌದು. ಗಾಂಧಿ ಬಜಾರಿನ ವಿದ್ಯಾರ್ಥಿ ಭವನ 1943ರದು. ಅಲ್ಲಿ ಕೈತುಂಬ ದೋಸೆ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿಕೊಂಡು ಬರುವವರನ್ನು ನೋಡುವುದೇ ಒಂದು ಸೊಗಸು. ಅಲ್ಲಿ ರಜೆ ಶುಕ್ರವಾರ. ಆದರೆ ಇಂಥ ಕಡೆ ನಿಮ್ಮ ಕುರ್ಚಿಯ ಹಿಂದೆ ಮುಂದಿನವರು ಕಾಯುತ್ತಿರುತ್ತಾರೆ. ಅಲ್ಲಿ ಕುಳಿತು ಇಪ್ಪತ್ತೈದು ವರ್ಷದ ಕಥೆ ಬಿಚ್ಚುವುದು ಅವರಿಗೆ ಮಾಡುವ ಅನ್ಯಾಯ. ದರ್ಶಿನಿಗಳಲ್ಲಂತೂ ನಿಂತೇ ತಿನ್ನಬೇಕು. ಮುದ್ದೆ, ಕಾಲು ಸೂಪಿನ ಮಿಲಿಟರಿ ಹೋಟೆಲುಗಳಲ್ಲಿ ಬಹಳಷ್ಟು ಮಧ್ಯಾಹ್ನದ ಊಟಕ್ಕೇ ಹೆಸರಾದವು, ಮಾಡಿದ್ದು ಮುಗಿದರೆ ಮುಗಿಯಿತು. ವಿ.ವಿ. ಪುರಂನ ತಿಂಡಿ ಬೀದಿ ಮಂಡಿ ಗಟ್ಟಿಯಿದ್ದವರಿಗೆ. ಸೇಂಟ್ ಮಾರ್ಕ್ಸ್ ರಸ್ತೆಯ ಕೋಶೀಸ್ ಬೇರೆ ಜಾತಿಯದು, ಹರಟೆಗೇ ಹೆಸರಾದ ಜಾಗ. ನಾವು ಅಲ್ಲಿಗೆ ಎರಡು ಸಲ ಹೋಗಿದ್ದೇವೆ. ಮೀನು ಬೇಕೆನ್ನುವ ಮಂಗಳೂರಿನವಳ ಮುಖ ಅರಳಿತ್ತು.

ಪಟ್ಟಿಯಲ್ಲಿ ಮೂರು ಹೆಸರು ಉಳಿದ ಮೇಲೆ ಫೋನ್. ಇಲ್ಲಿ ಪ್ರಶ್ನೆ ಕೇಳುವ ರೀತಿ ಮುಖ್ಯ. "ಈರುಳ್ಳಿ, ಬೆಳ್ಳುಳ್ಳಿ ಇಲ್ಲದೆ ಮಾಡಿಕೊಡುತ್ತೀರಾ?" ಎಂದರೆ ಎಲ್ಲರೂ "ಆಗುತ್ತದೆ ಮೇಡಂ" ಎನ್ನುತ್ತಾರೆ. ಆದರೆ ಹೆಚ್ಚಿನ ಕಡೆ ಗ್ರೇವಿಯನ್ನು ಬೆಳಿಗ್ಗೆಯೇ ಈರುಳ್ಳಿ ಹಾಕಿ ದೊಡ್ಡ ಪಾತ್ರೆಯಲ್ಲಿ ಮಾಡಿಟ್ಟಿರುತ್ತಾರೆ, ರಾತ್ರಿ ಅದನ್ನೇ ಬಾಣಲೆಗೆ ಸುರಿಯುತ್ತಾರೆ. ನಮ್ಮ ಮಡಿಯವಳು ಒಮ್ಮೆ ಒಂದು ತುತ್ತು ಬಾಯಿಗಿಟ್ಟು ಸುಮ್ಮನೆ ಮೊಸರನ್ನ ಕಲಸಿಕೊಂಡಳು. ಈಗ ನಾನು ಕೇಳುವುದು: "ಮೊದಲಿನಿಂದ ಹೊಸದಾಗಿ ಮಾಡುವ, ಗ್ರೇವಿ ಬೆರೆಸದ ಮೂರು ಪದಾರ್ಥಗಳ ಹೆಸರು ಹೇಳಿ." ಹೆಸರು ಹೇಳಲು ತಡವರಿಸಿದರೆ ಆ ಅಡುಗೆಮನೆ ನಮಗಲ್ಲ. ಎರಡನೆಯದು, ಮೀನು ಕರಿದ ಎಣ್ಣೆಯಲ್ಲೇ ಗೋಬಿ ಕರಿಯುತ್ತೀರಾ? ಮೂರನೆಯದು ನಮ್ಮ ಇನ್ನೊಬ್ಬ ಗೆಳತಿಗಾಗಿ: ಮಾಂಸ ಹಲಾಲ್ ತಾನೇ? ಇದನ್ನು ಅವಳು ಮೇಜಿನ ಮುಂದೆ ಕುಳಿತು ತಾನೇ ಕೇಳುವಂತಾಗಬಾರದು. ಕೇಳಲು ಸಂಕೋಚಪಟ್ಟು ಪನೀರು ತಿಂದು ಎದ್ದು ಹೋಗುವ ಸ್ವಭಾವ ಅವಳದು. ಕೊನೆಗೆ, ಸಕ್ಕರೆ ಕಾಯಿಲೆಯವಳಿಗಾಗಿ: ಏಳೂವರೆಗೆ ಬಂದರೆ ಮೊದಲ ತಟ್ಟೆ ಎಷ್ಟು ಹೊತ್ತಿಗೆ ಬರುತ್ತದೆ?

ಇಷ್ಟೆಲ್ಲ ಕೇಳಿದ ಮೇಲೂ ನಾನು ಹೋಗಿ ನೋಡದೆ ಒಪ್ಪುವುದಿಲ್ಲ. ಒಂದು ವಾರ ಮೊದಲು, ವಾರದ ಅದೇ ದಿನ, ಅದೇ ಹೊತ್ತು. ಬುಧವಾರ ರಾತ್ರಿ ಎಂಟಕ್ಕೆ ಊಟವೆಂದರೆ ಹಿಂದಿನ ಬುಧವಾರ ರಾತ್ರಿ ಎಂಟಕ್ಕೇ ಹೋಗಬೇಕು. ಮಧ್ಯಾಹ್ನ ಹೋಗಿ ನೋಡಿದ ಹೋಟೆಲು ರಾತ್ರಿ ಬೇರೆಯೇ ಹೋಟೆಲು. ಮಗನನ್ನು ಜೊತೆಗೆ ಕರೆದುಕೊಂಡು ಹೋಗುತ್ತೇನೆ. ಒಂದು ಸೂಪು, ಎರಡು ರೋಟಿ, ಒಂದು ಪಲ್ಯ ಹೇಳಿ ಮನೆಯಲ್ಲಿ ಮಾತನಾಡುವ ದನಿಯಲ್ಲೇ ಮಾತನಾಡುತ್ತೇನೆ. ಅವನು ಎರಡು ಸಲ "ಏನಮ್ಮ?" ಎಂದರೆ ಆ ಹೆಸರನ್ನು ಹೊಡೆದುಹಾಕುತ್ತೇನೆ. ಗೋಡೆಯ ಟಿವಿ, ಸ್ಪೀಕರು, ಅಡುಗೆಮನೆಯ ಬಾಗಿಲು ಎಲ್ಲಿವೆ ಎಂದು ನೋಡಿ, ಅವುಗಳಿಂದ ದೂರದ ಮೇಜನ್ನು ಗುರುತು ಮಾಡಿಕೊಳ್ಳುತ್ತೇನೆ. ಮೆಟ್ಟಿಲು ಎಣಿಸುತ್ತೇನೆ. ಲಿಫ್ಟ್ ಇದೆ ಎಂದು ಹೇಳಿದ್ದರೆ ಅದು ನಡೆಯುತ್ತದೆಯೇ ಎಂದು ಹತ್ತಿ ನೋಡುತ್ತೇನೆ. ಶೌಚಾಲಯಕ್ಕೆ ಹೋಗಿ ಬರುತ್ತೇನೆ. ಐವತ್ತರ ಹತ್ತಿರ ಬಂದ ಎಂಟು ಹೆಂಗಸರಿಗೆ ಇದು ಬಿರಿಯಾನಿಗಿಂತ ದೊಡ್ಡ ವಿಷಯ. ಮಗನಿಗೆ ಇದೆಲ್ಲ ಹುಚ್ಚಾಟ ಎನಿಸುತ್ತದೆ, ಆದರೆ ಸೂಪಿನ ಆಸೆಗೆ ಬರುತ್ತಾನೆ.

ಮೇಜಿನ ಆಕಾರವನ್ನು ಯಾರೂ ಯೋಚಿಸುವುದಿಲ್ಲ. ಎರಡು ಉದ್ದನೆಯ ಮೇಜು ಸಾಲಾಗಿ ಜೋಡಿಸಿ ನಾಲ್ಕು ನಾಲ್ಕು ಜನ ಎದುರುಬದುರು ಕುಳಿತರೆ ಅದು ಎರಡು ಊಟ. ಈ ತುದಿಯಲ್ಲಿ ಮಗಳ ಮದುವೆ, ಆ ತುದಿಯಲ್ಲಿ ಅತ್ತೆಯ ಆಪರೇಷನ್ನು. ದುಂಡು ಮೇಜು ಇದ್ದರೆ ಕೇಳಿ ಕಾದಿರಿಸಿ. ಇಲ್ಲದಿದ್ದರೆ ಎರಡು ಮೇಜನ್ನು ಅಗಲಕ್ಕೆ ಜೋಡಿಸಿ ಚೌಕ ಮಾಡಿಕೊಡಿ ಎನ್ನಿ, ಮಾಡಿಕೊಡುತ್ತಾರೆ. ಕಿವಿ ಮಂದವಾದವಳನ್ನು ಎಡಗಡೆ ಗೋಡೆ ಬರುವಂತೆ ಕೂರಿಸುತ್ತೇನೆ. ಆಗ ಎಲ್ಲರೂ ಅವಳ ಬಲಕ್ಕೆ ಬರುತ್ತಾರೆ. ಇದನ್ನು ಅವಳಿಗೆ ಹೇಳಿಲ್ಲ.

ದುಡ್ಡಿನ ವಿಷಯ ಬ್ಯಾಂಕಿನವಳಾದ ನನಗೆ ಸಲೀಸು. ನಮ್ಮ ಮಿತಿ ತಲೆಗೆ ₹800, ಎಂಟು ಜನಕ್ಕೆ ₹6,400. ಸಾಮಾನ್ಯ ರೆಸ್ಟೋರೆಂಟಿನಲ್ಲಿ ಜಿಎಸ್‌ಟಿ 5%, ಅಂದರೆ ₹320. ಕೋಣೆಯ ಬಾಡಿಗೆ ದಿನಕ್ಕೆ ₹7,500 ಮೀರುವ ದೊಡ್ಡ ಹೋಟೆಲುಗಳ ಒಳಗಿನ ರೆಸ್ಟೋರೆಂಟಿನಲ್ಲಿ 18%, ಅಂದರೆ ₹1,152. ವ್ಯತ್ಯಾಸವೇ ಒಬ್ಬಳ ಊಟದ ದುಡ್ಡು. ಒಂದು ಕಡೆ ಬಿಲ್ಲಿನಲ್ಲಿ ಕೇಳದೆ 10% ಸೇವಾ ಶುಲ್ಕ ಸೇರಿಸಿದ್ದರು. ತೆಗೆಸಿದೆ, ಬಡಿಸಿದ ಹುಡುಗನ ಕೈಗೆ ನೇರವಾಗಿ ದುಡ್ಡು ಕೊಟ್ಟೆ. ಅದನ್ನು ತಾವಾಗಿಯೇ ಸೇರಿಸುವಂತಿಲ್ಲ ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ ಹೇಳಿದೆ, ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಅದನ್ನು ಎತ್ತಿಹಿಡಿದಿದೆ. ಹಂಚಿಕೊಳ್ಳುವಾಗ ಸಮಪಾಲು ಬೇಡ. ಮೊಸರನ್ನ ತಿಂದವಳು ಸಿಗಡಿಯ ದುಡ್ಡು ಕೊಡಬಾರದು. ಮೀನು, ಮಾಂಸ ಒಂದು ಬಿಲ್ಲು, ಉಳಿದದ್ದು ಇನ್ನೊಂದು ಬಿಲ್ಲು ಎಂದು ಕುಳಿತ ಕೂಡಲೇ ಹೇಳಿಬಿಡುತ್ತೇನೆ. ಕೊನೆಯಲ್ಲಿ ಹೇಳಿದರೆ ಅವರಿಗೂ ಸಿಟ್ಟು, ನಮಗೂ ತಡ. ಹತ್ತಕ್ಕೆ ಬಿಲ್ ಕೇಳಬೇಕು, ಕೆಂಗೇರಿಯವಳು ಕೊನೆಯ ರೈಲಿಗೆ ಓಡುವುದನ್ನು ನೋಡುವ ಆಸೆ ಯಾರಿಗೂ ಇಲ್ಲ.

ಅಂದು ಸಂಜೆ ನಾಲ್ಕಕ್ಕೆ ಹೋಟೆಲಿಗೆ ಮತ್ತೊಮ್ಮೆ ಫೋನ್ ಮಾಡಿ, ಎಂಟು ಜನ, ಚೌಕದ ಮೇಜು, ಟಿವಿಯಿಂದ ದೂರ ಎಂದು ನೆನಪಿಸುತ್ತೇನೆ. ಗುಂಪಿಗೆ ಒಂದೇ ಸಂದೇಶ: ಹೋಟೆಲಿನ ಹೆಸರು, ಮೆಟ್ರೊ ನಿಲ್ದಾಣ, ಯಾವ ಬಾಗಿಲಿನಿಂದ ಹೊರಬರಬೇಕು, ಏಳೂವರೆ. ಆರು ಜನ ಕೈ ಜೋಡಿಸುತ್ತಾರೆ. ಯಲಹಂಕದವಳು ಮಾತ್ರ ಏಳು ಗಂಟೆಗೆ, "ಹೋಟೆಲ್ ಯಾವುದೇ?" ಎಂದು ಕೇಳುತ್ತಾಳೆ. ಅವಳ ಕಡೆಗೆ ಮೆಟ್ರೊ ಇನ್ನೂ ಬಂದಿಲ್ಲ, ಹೆಬ್ಬಾಳ ದಾಟುವುದರಲ್ಲೇ ಅವಳ ಸಂಜೆ ಮುಗಿಯುತ್ತದೆ. ಅದಕ್ಕೇ ಅವಳಿಗೊಬ್ಬಳಿಗೆ ಬೇರೆ ಸಂದೇಶ ಕಳುಹಿಸುತ್ತೇನೆ, ಅದರಲ್ಲಿ ಆರೂವರೆ ಎಂದು ಬರೆದಿರುತ್ತದೆ.