ಪ್ರಾಥಮಿಕ ಶಿಕ್ಷಣದಲ್ಲಿ ಸ್ನಾತಕೋತ್ತರ ಪದವಿ: ಅರ್ಜಿ ಹಾಕುವ ಮುನ್ನ

ಪ್ರಾಥಮಿಕ ಶಾಲೆಯ ಶಿಕ್ಷಕರಾಗುವುದೊಂದೇ ಗುರಿಯಾಗಿದ್ದರೆ ಸ್ನಾತಕೋತ್ತರ ಪದವಿ ಬೇಕಿಲ್ಲ. ಒಂದರಿಂದ ಐದನೆಯ ತರಗತಿಯವರೆಗೆ ಬೋಧಿಸಲು ಮುಖ್ಯವಾಗಿ ಬೇಕಾದದ್ದು ಡಿ.ಇಎಲ್.ಇಡಿ (ಪ್ರಾಥಮಿಕ ಶಿಕ್ಷಣದ ಡಿಪ್ಲೊಮಾ) ಮತ್ತು ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ). ಈ ತರಗತಿಗಳಿಗೆ ಬಿ.ಇಡಿ ಅರ್ಹತೆಯಾಗದೆಂದು ಸುಪ್ರೀಂ ಕೋರ್ಟ್ 2023ರ ಆಗಸ್ಟ್‌ನಲ್ಲಿ ತೀರ್ಪು ನೀಡಿದೆ. ಬಿ.ಇಡಿಯ ಮೇಲೆ ಸ್ನಾತಕೋತ್ತರ ಪದವಿಯಾದ ಎಂ.ಇಡಿ ಮಾಡಿಕೊಂಡರೂ ಆ ಕೊರತೆ ನೀಗುವುದಿಲ್ಲ.

ಹಾಗಿದ್ದೂ ಈ ಪದವಿಯನ್ನು ಅರಸಿ ಬರುವವರಲ್ಲಿ ಕೆಲವು ವರ್ಷ ಪಾಠ ಮಾಡಿದವರಿದ್ದಾರೆ. ಮೂರನೆಯ ತರಗತಿಗೆ ಬಂದರೂ ಒತ್ತಕ್ಷರಕ್ಕೆ ತಡವರಿಸುವ ಮಗು, ಬಾಯಿಲೆಕ್ಕ ಸರಿಯಾಗಿ ಹೇಳಿ ಹಾಳೆಯ ಮೇಲೆ ತಪ್ಪುವ ಮಗು, ಮನೆಯಲ್ಲಿ ಲಂಬಾಣಿಯಾಡಿ ಶಾಲೆಯಲ್ಲಿ ಕನ್ನಡ ಕಲಿಯಬೇಕಾದ ಮಗು ಇವರೆಲ್ಲರೂ ಹಲವು ತರಗತಿಯ ಮಕ್ಕಳು ಒಟ್ಟಿಗೆ ಕಲಿಯುವ ಒಂದೇ ನಲಿಕಲಿ ಕೊಠಡಿಯಲ್ಲಿ ಕುಳಿತಿರುವಾಗ, ತರಬೇತಿಯಲ್ಲಿ ಕಲಿತ ವಿಧಾನಗಳು ಸಾಲದೆ, ಮಕ್ಕಳು ಕಲಿಯುವ ಬಗೆಯನ್ನೇ ಅಧ್ಯಯನ ಮಾಡಬೇಕೆಂಬ ಹಂಬಲ ಆ ಶಿಕ್ಷಕರಲ್ಲಿ ಹುಟ್ಟುತ್ತದೆ. ನನ್ನ ದೃಷ್ಟಿಯಲ್ಲಿ ಇದೇ ಅತ್ಯಂತ ಗಟ್ಟಿಯಾದ ಕಾರಣ. ಶಿಕ್ಷಕರನ್ನು ತಯಾರುಮಾಡುವ ಕೆಲಸ ಇನ್ನೊಂದು ಕಾರಣ: ಪ್ರೌಢಶಾಲೆಯ ಬೋಧನೆಗೆಂದೇ ಬಿ.ಇಡಿ ಓದಿದವರು ಡಿ.ಇಎಲ್.ಇಡಿ ಕಾಲೇಜುಗಳಲ್ಲಿ ಪ್ರಾಥಮಿಕ ಶಿಕ್ಷಕರನ್ನು ತರಬೇತುಗೊಳಿಸುವುದು ವಿಚಿತ್ರವಾದರೂ ಅಪರೂಪವಲ್ಲ. ಸ್ವಯಂಸೇವಾ ಸಂಸ್ಥೆ, ಪಠ್ಯಪುಸ್ತಕ ರಚನೆಯತ್ತ ಹೋಗುವವರೂ ಇದ್ದಾರೆ.

ಕಾರಣ ಸ್ಪಷ್ಟವಾದ ಮೇಲೆ ಎಂ.ಇಡಿಯೋ ಎಂ.ಎ.ಯೋ ಎಂದು ನಿರ್ಧರಿಸಿ. ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತಿನ (ಎನ್‌ಸಿಟಿಇ) 2014ರ ನಿಯಮಾವಳಿ ಎಂ.ಇಡಿಯನ್ನು ಎರಡು ವರ್ಷಕ್ಕೆ ವಿಸ್ತರಿಸಿ, ಪ್ರಾಥಮಿಕ ಅಥವಾ ಪ್ರೌಢ ಹಂತದ ವಿಶೇಷ ಅಧ್ಯಯನಕ್ಕೆ ಅವಕಾಶ ಕೊಟ್ಟಿತು. ಬಿ.ಇಡಿ ಮಾಡದಿದ್ದರೂ ಪದವಿಯ ಜೊತೆಗೆ ಡಿ.ಇಎಲ್.ಇಡಿ ಇರುವವರು, ಎರಡರಲ್ಲೂ ಶೇ. 50 ಅಂಕವಿದ್ದರೆ, ಅದಕ್ಕೆ ಅರ್ಹರು. ಡಯಟ್ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ) ಅಥವಾ ಶಿಕ್ಷಕ ತರಬೇತಿ ಕಾಲೇಜಿನ ಹುದ್ದೆ ಬಯಸುವವರಿಗೆ ಇದು ಹೆಚ್ಚು ಸೂಕ್ತ. ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಂತಹ ಕಡೆ ಶಿಕ್ಷಣದ ಎಂ.ಎ.ಗೆ ಯಾವುದೇ ವಿಷಯದ ಪದವೀಧರರು ಸೇರಬಹುದು, ಆದರೆ ಅದು ಶಿಕ್ಷಕ ಅರ್ಹತೆಗೆ ಬದಲಿಯಲ್ಲ.

ಬಳಿಕ ಪಠ್ಯಕ್ರಮ ತರಿಸಿಕೊಂಡು, ಆರಂಭಿಕ ಓದು ಮತ್ತು ಗಣಿತದ ಕಲಿಕೆಗೆ ಪ್ರತ್ಯೇಕ ಪತ್ರಿಕೆಗಳಿವೆಯೇ, ಎಷ್ಟು ವಾರ ಶಾಲೆಯಲ್ಲಿ ಕಳೆಯಬೇಕು ಎಂಬುದನ್ನು ಪರಿಶೀಲಿಸಿ. ಹಾಜರಾತಿಯನ್ನು ಕೇಳುವುದೇ ಇಲ್ಲವೆಂದು ಪ್ರವೇಶದ ವೇಳೆಯೇ ಭರವಸೆ ಕೊಡುವ ಕಾಲೇಜಿನಿಂದ ದೂರವಿರಿ. ಸರ್ಕಾರಿ ಸೇವೆಯಲ್ಲಿರುವವರು ಇಲಾಖೆಯ ಪೂರ್ವಾನುಮತಿ ಪಡೆದೇ ಅರ್ಜಿ ಸಲ್ಲಿಸಬೇಕು. ಕನ್ನಡ ಮಾಧ್ಯಮದಲ್ಲಿ ಓದಿದವರು ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದೇ ಎಂದು ಮುಂಚಿತವಾಗಿ ವಿಚಾರಿಸಿ. ಬರೆಯಬಹುದಾದರೂ ಓದಬೇಕಾದ ಲೇಖನಗಳಲ್ಲಿ ಹೆಚ್ಚಿನವು ಇಂಗ್ಲಿಷಿನಲ್ಲಿರುವುದರಿಂದ, ತರಗತಿಗಳು ಆರಂಭವಾಗುವ ಮೊದಲೇ ಅವುಗಳನ್ನು ಓದುವ ಅಭ್ಯಾಸ ಮಾಡಿಕೊಳ್ಳಿ.